ಉಪ್ಪಿಗೆ ಹಿಡಿದ ಕೆಂಪು

ಶಿರಾ,
24-6-2025, ಮಂಗಳವಾರ ಬೆಳಿಗ್ಗೆ

ಮುದ್ದಿನ ನೂರೀನ್‌ಗೆ ಅಮ್ಮಿಯ ಸಲಾಂ, ದುವಾ.

ಹೇಗಿದ್ದೀಯ ಮಗಳೇ? ತುಮಕೂರಿನ ಹಾಸ್ಟೆಲ್ ಊಟ ಹೊಟ್ಟೆಗೆ ಒಗ್ಗಿತೇ? ಉರ್ದು ಓದಲು ನಿನಗೆ ಅರ್ಧ ದಿನ ಬೇಕು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋನ್ ಮಾಡಬಾರದಿತ್ತೇ ಎನ್ನಬೇಡ. ನಿನ್ನ ಪರೀಕ್ಷೆ ಮುಗಿಯುವವರೆಗೆ ಫೋನಿನಲ್ಲಿ ಕೆಟ್ಟ ಸುದ್ದಿ ಹೇಳುವುದಿಲ್ಲವೆಂದು ಅಬ್ಬಾ ನನ್ನಿಂದ ಕಸಮ್ ಹಾಕಿಸಿದ್ದಾರೆ. ಕಾಗದಕ್ಕೆ ಕಸಮ್ ಇಲ್ಲ.

ಬಕ್ರೀದಿನಲ್ಲಿ ನಮ್ಮ ಮಂಡಿಗೆ ಬಂದ ತೊಗಲುಗಳಿಗೆ ಅಬ್ಬಾ ಈ ಸಲವೂ ಹೋದ ವರ್ಷದ ಉಪ್ಪನ್ನೇ ಗುಡಿಸಿ ತಂದು ಸವರಿದರು. ಹೊಸದು ತರಿಸಿ ಎಂದೆ, ಕೇಳುವ ಜಾಯಮಾನವೇ ಅವರದು? ಹತ್ತು ದಿನ ಬಿಟ್ಟು ಮಡಿಕೆ ಬಿಚ್ಚಿದರೆ ಒಳಮೈಯೆಲ್ಲ ಬೀಟ್‌ರೂಟ್ ಉಜ್ಜಿದ ಹಾಗೆ ಕೆಂಪು. ಫೋಟೊ ನೋಡಿ ನೀನು ನಕ್ಕುಬಿಟ್ಟೆ. ಉಪ್ಪಿನಲ್ಲೇ ಬದುಕುವ ಒಂದೇ ಜೀವಕೋಶದ ಜೀವಿಗಳು, ಹಳೆ ಉಪ್ಪಿನ ಜೊತೆ ಬಂದಿವೆ, ತೊಗಲು ಕೆಡಿಸುತ್ತವೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ ಎಂದು ನೀನೇ ಹೇಳಿದೆ. ಅಬ್ಬಾಗೆ ಸಮಾಧಾನವಾಯಿತು. ನನಗೆ ಭಯ ಹೆಚ್ಚಾಯಿತು. ಉಪ್ಪು ಹಾಕಿದರೆ ಯಾವುದೂ ಕೆಡದು ಎಂದು ನಂಬಿಕೊಂಡು ಬಂದವಳು ನಾನು. ಅದರಲ್ಲೇ ಜೀವ ಬೆಳೆಯುತ್ತದೆಂದರೆ ಇನ್ನು ಯಾವುದನ್ನು ನಂಬಲಿ? ಸಾರಿಗೆ ಉಪ್ಪು ಹಾಕುವಾಗಲೂ ಬೆಳಕಿಗೆ ಹಿಡಿದು ನೋಡುತ್ತೇನೆ. ನಗಬೇಡ.

ಹೋದ ಬುಧವಾರ ತಾವರೆಕೆರೆಯ ಬೋರಯ್ಯ ಒಂದು ಕುರಿಯ ತೊಗಲು ತಂದ. “ನಿಂತಂಗೇ ಬಿದ್ದು ಸತ್ತೋಯ್ತು ಸಾಬ್ರೇ, ತೊಗಲಾದ್ರೂ ತಗಳಿ” ಎಂದ. ಪಾಪ ಎನಿಸಿತೇನೋ, ಅಬ್ಬಾ ಬರಿಗೈಯಲ್ಲೇ ಉಪ್ಪು ಸವರಿ ಅದನ್ನೂ ಕೆಂಪು ರಾಶಿಗೆ ಸೇರಿಸಿದರು.

ಪಕ್ಕದ ಮನೆಯ ತೇಜಸ್ವಿನಿ ಕಾಲೇಜಿಗೆ ಹೊರಟಿದ್ದಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಚೆನ್ನಾಗಿ ಓದು. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ಅಮ್ಮಿ,
ಶರ್ಫುನ್ನೀಸಾ

ತಾ.ಕ.: ತೇಜಸ್ವಿನಿ ಬಾಗಿಲಲ್ಲಿ ನಿಂತಿದ್ದಾಳೆ, ಇಷ್ಟು ಹೊತ್ತೂ ಇದನ್ನು ಬರೆಯಲು ಕೈ ಬರಲಿಲ್ಲ. ಅಬ್ಬಾನ ಮಣಿಕಟ್ಟಿನ ಮೇಲೆ ಗುಳ್ಳೆ ಎದ್ದು ನಡುವೆ ಇದ್ದಿಲಿನಷ್ಟು ಕಪ್ಪಾಗಿದೆ. ಮುಟ್ಟಿದರೆ ನೋವೇ ಇಲ್ಲವಂತೆ. ಕೈ ಮೊಣಕೈವರೆಗೆ ಊದಿದೆ, ನಿನ್ನೆಯಿಂದ ಜ್ವರ. ಆ ಸತ್ತ ಕುರಿಯನ್ನು ಸುಲಿದ ಬೋರಯ್ಯನಿಗೂ ಇಂಥದೇ ಗುಳ್ಳೆಯಾಗಿ ಆಸ್ಪತ್ರೆ ಸೇರಿದ್ದಾನೆ. ಇವರು ಮಾತ್ರ, “ಇದು ಆ ಕೆಂಪಿಂದೇ ಕಣೇ, ಏನೂ ಆಗಲ್ಲ ಅಂತ ಮಗಳೇ ಹೇಳವ್ಳಲ್ಲ” ಎಂದು ಆಸ್ಪತ್ರೆಗೆ ಎದ್ದು ಬರುತ್ತಿಲ್ಲ. ನಿನ್ನ ಮಾತು ಬಿಟ್ಟು ಯಾರ ಮಾತೂ ಅವರಿಗೆ ಬೇಡ. ಈಗಲೇ ಫೋನ್ ಮಾಡು. ಸುಳ್ಳಾದರೂ ಸರಿ, ಆ ಕೆಂಪು ಮನುಷ್ಯರನ್ನು ಕೊಲ್ಲುತ್ತದೆ ಎಂದು ಹೇಳು.