ಹೊಗೆಯ ಮೇಲೆ ಹದಿನೈದು ನಿಮಿಷ

ಲಿವಿಂಗ್‌ಸ್ಟನ್
೨೯ ಏಪ್ರಿಲ್ ೨೦೧೯

ನನ್ನ ಮುದ್ದಿನ ಇನೊಂಗೆ ಅಕ್ಕಾ,

ಮೊದಲು ಬೈದುಬಿಡು, ಆಮೇಲೆ ಓದು. ಮದುವೆಯಾಗಿ ಎರಡು ತಿಂಗಳಾದರೂ ನಿನಗೆ ಒಂದು ಸಾಲು ಬರೆದಿಲ್ಲ. ಕಾಲಾಬೋದಲ್ಲಿ ನಿನ್ನ ಫೋನು ಸಿಗುವುದು ಮರ ಹತ್ತಿದರೆ ಮಾತ್ರ ಎಂದು ಗೊತ್ತಿದ್ದೂ ಸೋಮಾರಿಯಾದೆ. ಇಲ್ಲಿ ಮನೆ ಚೆನ್ನಾಗಿದೆ, ಮುಯುಂಡಾ ಚೆನ್ನಾಗಿದ್ದಾನೆ, ಅತ್ತೆ ಕಳಿಸಿದ ಒಣಮೀನೂ ಚೆನ್ನಾಗಿದೆ. ಬರೆಯಲು ಕುಳಿತರೆ ಈ ಒಂದೇ ಪದ ಬರುತ್ತಿದೆ ನೋಡು!

ಅಕ್ಕಾ, ನಾನು ಬಸುರಿ. ಬರೆದೇಬಿಟ್ಟೆ! ಕ್ಲಿನಿಕ್ಕಿನ ನರ್ಸ್ ಹೇಳಿದ ದಿನ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ. ಇಂಥ ಸುದ್ದಿಯನ್ನು ಅಡುಗೆಮನೆಯಲ್ಲಿ ನ್ಶಿಮಾ ಮುದ್ದೆ ತಿರುವುತ್ತಾ ಹೇಳುವುದೆ? ಮುಯುಂಡಾನ ಚಿಕ್ಕಪ್ಪ ಮದುವೆಗೆ ಹೆಲಿಕಾಪ್ಟರ್ ಸವಾರಿಯ ಎರಡು ಟಿಕೆಟ್ ಕೊಟ್ಟಿದ್ದರು. ಮೋಸಿ-ಓವ-ತುನ್ಯ ಜಲಪಾತದ ನೆತ್ತಿಯ ಮೇಲೇ ಹೇಳಬೇಕೆಂದು ಎಂಟು ದಿನ ಬಾಯಿ ಕಟ್ಟಿಕೊಂಡಿದ್ದೆ. ನಾನು! ಎಂಟು ದಿನ!

ಅಲ್ಲಿ ಹತ್ತಿಸುವ ಮುನ್ನ ಎಲ್ಲರನ್ನೂ ತೂಗುತ್ತಾರೆ. ಕೂರಿಸುವುದೂ ತೂಕ ನೋಡಿಯೇ.

"ನೀನು ಹಗುರ ಇದೀಯಮ್ಮ, ಮುಂದೆ ಪೈಲಟ್ ಪಕ್ಕ. ಯಜಮಾನ್ರು ಹಿಂದೆ," ಎಂದಳು ತೂಗುವವಳು.

"ಅಯ್ಯೋ, ನಾವು ಹೊಸಬರು, ಮದ್ವೆ ಆಗಿ ಎರಡೇ ತಿಂಗಳು!"

"ಹೆಲಿಕಾಪ್ಟರಿಗೆ ಅದೆಲ್ಲ ಗೊತ್ತಾಗಲ್ಲ ಕಣಮ್ಮ."

ಮುಯುಂಡಾ ನಕ್ಕು, "ಹೋಗು ಮಾರಾಯ್ತಿ, ಪೈಲಟ್ ಕಿವೀನೂ ಸ್ವಲ್ಪ ಸವೀಲಿ," ಎಂದ. ಹಿಂದಿನ ಸೀಟಿನಲ್ಲಿ ಅವನ ಜೊತೆಗೆ ಸೆನಂಗಾ ಊರಿನ ಅಜ್ಜ ಅಜ್ಜಿ ಕುಳಿತರು. ಅವರ ಮದುವೆಗೆ ಐವತ್ತು ವರ್ಷವಂತೆ, ಮಕ್ಕಳು ಕಳಿಸಿದ್ದಂತೆ. ಎಲ್ಲರ ಕಿವಿಗೂ ಹೆಡ್‌ಫೋನು, ಬಾಯಿಗೆ ಮೈಕು. ಇಂಜಿನ್ನಿನ ಗದ್ದಲದಲ್ಲಿ ಒಬ್ಬರು ಆಡಿದ್ದು ಅದರಲ್ಲಿ ಮಾತ್ರ ಎಲ್ಲರಿಗೂ ಕೇಳುತ್ತದೆ.

ನದಿ ತುಂಬಿತ್ತು. ಅಷ್ಟಗಲದ ನೀರು ನೆಲದ ಬಿರುಕಿನೊಳಗೆ ಬಿದ್ದು ಹೊಗೆಯಾಗಿ ಮೇಲೆದ್ದು ನಮ್ಮ ಗಾಜನ್ನೂ ಒದ್ದೆ ಮಾಡಿತು. ಎರಡು ಕಾಮನಬಿಲ್ಲುಗಳಿದ್ದವು. ಇದನ್ನೆಲ್ಲ ಪಟ್ಟಿ ಒಪ್ಪಿಸಿದ ಹಾಗೆ ಬರೆಯುತ್ತಿದ್ದೇನೆ, ಕ್ಷಮಿಸು. ಬೆಲ್ಟು ಬಿಗಿದಿದ್ದರಿಂದ ಹಿಂದೆ ತಿರುಗಲು ಆಗಲಿಲ್ಲ. ಹೊಗೆಯ ಕಡೆಗೇ ಮುಖ ಮಾಡಿ, "ಮುಯುಂಡಾ, ನೀನು ಅಪ್ಪ ಆಗ್ತಿದೀಯ ಕಣೋ," ಎಂದೆ.

ಮೊದಲು ಕೇಳಿದ್ದು ಅಜ್ಜಿಯ ದನಿ. "ಅಯ್ಯೋ ನನ್ ಕಂದ! ಎರಡು ಜೀವಾನ ಒಂದೇ ಟಿಕೇಟಲ್ಲಿ ಹಾರಿಸ್ತಾ ಇದೀಯಲ್ಲೇ ಕಳ್ಳಿ!" ಅಜ್ಜ ಕೆಮ್ಮಿ, "ಗಂಡಾದ್ರೆ ಪೈಲಟ್ ಹೆಸರೇ ಇಡಮ್ಮ," ಎಂದ. ಇಬ್ಬರೂ ನಮ್ಮವರ ಪದ್ಧತಿಯಂತೆ ಅಂಗೈ ಬಾಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮುಯುಂಡಾನೂ ತಟ್ಟಿದ; ಹಿಂದಿನದನ್ನು ನಾನು ನೋಡಿದ್ದು ಆಮೇಲೆ. ಪೈಲಟ್ ನನ್ನತ್ತ ಹೆಬ್ಬೆರಳೆತ್ತಿದ.

ಹೀಗೆ ಆಯಿತು ಅಕ್ಕಾ. ಇಷ್ಟು ಸಂತೋಷದ ಸುದ್ದಿ ಬರೆಯುವಾಗ ಕೈ ಬೇರೆ ಯಾರದ್ದೋ ಎನ್ನಿಸುತ್ತದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಏನೂ ತೊಂದರೆಯಿಲ್ಲ. ಅಮ್ಮನಿಗೆ ನೀನೇ ಹೇಳು, ನಿನ್ನ ಬಾಯಲ್ಲಿ ಕೇಳಿದರೆ ಅವಳು ಕುಣಿಯುತ್ತಾಳೆ. ನನ್ನ ಹೊಟ್ಟೆಯ ಮೇಲೆ ನಿನ್ನ ಕೈ ಇರಲಿ, ದೂರದಿಂದಲೇ ಹರಸು.

ನಿನ್ನ ವಾಚಾಳಿ ತಂಗಿ,
ನಮಕಾವು

ಮರೆತಿದ್ದು: ಕೆಳಗಿಳಿದ ಮೇಲೆ ಹಾರಾಟದ ವಿಡಿಯೊ ಮಾರುತ್ತಾರೆ. ಒಳಗೆ ನಮ್ಮತ್ತಲೇ ಮುಖ ಮಾಡಿದ ಪುಟ್ಟ ಕ್ಯಾಮೆರಾ ಇರುತ್ತದೆ. ಮುಯುಂಡಾ ಕಾರು ತರಲು ಹೋಗಿದ್ದಾಗ ನನಗೊಬ್ಬಳಿಗೇ ತೋರಿಸಿದರು. ಮೇಲೇರಿದ ಒಂದೇ ನಿಮಿಷಕ್ಕೆ, ನಾನು ಹರಟುತ್ತಿರುವಾಗ, ಅವನು ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಾನೆ. ಮುಖದಲ್ಲಿ ಸಿಟ್ಟಿಲ್ಲ. ಭಾರ ಇಳಿಸಿದವನ ಹಾಗೆ ಹಾಯಾಗಿ ಹೊರಗೆ ನೋಡುತ್ತಾನೆ. ಅಜ್ಜ ಅಜ್ಜಿ ತಟ್ಟುವುದು ಕಂಡು ತಾನೂ ನಗುತ್ತಾ ತಟ್ಟುತ್ತಾನೆ. ಕೊನೆಯವರೆಗೂ ಅದನ್ನು ಮತ್ತೆ ಹಾಕಿಕೊಳ್ಳಲೇ ಇಲ್ಲ.

ಕಾರಿನಲ್ಲಿ, "ಆ ಮುದುಕ್ರು ಯಾಕೆ ಚಪ್ಪಾಳೆ ತಟ್ಟಿದ್ದು? ಪೈಲಟ್‌ಗಾ?" ಎಂದು ಕೇಳಿದ.

"ಹ್ಞೂಂ, ಪೈಲಟ್‌ಗೆ," ಎಂದೆ.

ಹಾರಿ ಬಂದು ಇವತ್ತಿಗೆ ಹನ್ನೊಂದು ದಿನ. ಅವನಿಗೆ ನೀನು ಕಾಗದ ಬರೆದರೆ ಈ ಸುದ್ದಿ ಎತ್ತಬೇಡ ಅಕ್ಕಾ. ಅವನಿಗಿನ್ನೂ ಗೊತ್ತಿಲ್ಲ.