ತೋಟ ನೋಡಲು ಹೋದವಳು

ಹೇವರ್ಡ್, ಕ್ಯಾಲಿಫೋರ್ನಿಯಾ,
ಭಾನುವಾರ, ೧೮ ಮೇ ೨೦೨೫

ಚಿ. ಗಾರ್ಗಿಗೆ ಆಶೀರ್ವಾದ. ಸದ್ಯಕ್ಕೆ ಅರ್ಧ; ಉಳಿದದ್ದು ಪೂರ್ತಿ ಓದಿದ ಮೇಲೆ.

ಪಕ್ಕದ ಕೋಣೆಯವಳಿಗೆ ಕಾಗದ ಯಾಕೆ ಅಂತೀಯಾ? ಎದುರಿಗೆ ಕೇಳಿದರೆ ಮೀಟಿಂಗು ಅಂತ ಜಾರಿಕೊಳ್ಳುತ್ತೀಯ. ಕಾಗದವನ್ನು ಮ್ಯೂಟ್ ಮಾಡೋಕಾಗಲ್ಲ.

ಮೈಸೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಪರೀಕ್ಷೆ ಕಾದವಳು ನಾನು. ಕಾಪಿ ಹೊಡೆಯುವವರ ಮುಖ ದೂರದಿಂದಲೇ ಗೊತ್ತಾಗುತ್ತದೆ. ನಿನ್ನೆ ನಿನ್ನದು ಅದೇ ಮುಖ. ದೇವಸ್ಥಾನಕ್ಕೇ ಜೀನ್ಸಲ್ಲಿ ಬರುವವಳು ನೀನು, ಜಪಾನಿ ತೋಟಕ್ಕೆ ಹೋಗೋಣ, ನೇರಳೆ ರೇಷ್ಮೆ ಉಟ್ಕೋ ಅಂದೆ. ಕಲ್ಲು, ಕೊಳ, ಮೀನು ನೋಡಲು ರೇಷ್ಮೆ ಯಾಕೆ? ಫೋಟೊ ಚೆನ್ನಾಗಿ ಬರುತ್ತೆ ಅಂದೆ.

ಕೊಳದ ಹತ್ತಿರ ಓಕ್ಲ್ಯಾಂಡಿನ ಶ್ರೀಕಂಠಯ್ಯನವರೂ ಅವರ ಮಗ ಪ್ರದ್ಯುಮ್ನನೂ ಅಕಸ್ಮಾತ್ ಸಿಕ್ಕರು. ಅಕಸ್ಮಾತ್ ಸಿಕ್ಕವರ ಷರಟಿಗೆ ಅಷ್ಟೊಂದು ಇಸ್ತ್ರಿ. ಪೈನ್ ಮರದ ಫೋಟೊ ತೆಗೀತೀವಿ ಅಂತ ನೀನೂ ಪ್ರದ್ಯುಮ್ನನೂ ನಲವತ್ತು ನಿಮಿಷ ಮಾಯ. ಸರಿ, ಮಗಳು ಹುಡುಗನನ್ನು ಹುಡುಕಿಕೊಂಡಿದ್ದಾಳೆ ಅಂದುಕೊಂಡೆ. ಹೆಣ್ಣಿನ ಕಡೆಯವಳ ಗತ್ತಿನಲ್ಲಿ ತನಿಖೆ ಶುರು ಮಾಡಿದೆ. ಹುಡುಗನ ಹೆಸರೆತ್ತದೆ, ನಾಜೂಕಾಗಿ: ಅಡುಗೆ ಬರುತ್ತಾ, ಸಿಟ್ಟು ಜಾಸ್ತಿನಾ, ಗೊರಕೆ ಇದೆಯಾ. ಅವರು ಗಂಭೀರವಾಗಿ, ಸಾರು ಚೆನ್ನಾಗಿ ಮಾಡ್ತೀನಿ, ಹೆಂಡತಿ ಹೋದಮೇಲೆ ಕಲಿತೆ ಅಂದರು. ಆಗಲೂ ನನಗೆ ಹೊಳೆಯಲಿಲ್ಲ. ಮಗನ ವಿಷಯ ಕೇಳಿದರೆ ಈ ಮನುಷ್ಯ ತನ್ನದೇ ಪುರಾಣ ತೆಗೆದರಲ್ಲ ಅಂದುಕೊಂಡೆ. ಕೊನೆಗೆ ಅವರು ಮೀನಿನ ಕಡೆಗೇ ನೋಡುತ್ತಾ, ಮೆಲ್ಲಗೆ, ನಿಮಗೆ ಹಾಡೋಕೆ ಬರುತ್ತಾ ಅಂತ ಕೇಳಿದರು.

ಗಾರ್ಗಿ, ಹಾಡು ಬರುತ್ತಾ ಅಂತ ಬೀಗಿತ್ತಿಯನ್ನು ಯಾರೂ ಕೇಳುವುದಿಲ್ಲ. ತೋಟ ನೋಡಲು ಹೋದವಳನ್ನೇ ನೋಡಲು ಬಂದಿದ್ದರು. ಮೀನು ತೋರಿಸ್ತೀನಿ ಅಂತ ಕರೆದೊಯ್ದು ನೀನು ಗಾಳ ನನಗೇ ಹಾಕಿದ್ದೆ.

ನಿಮ್ಮಪ್ಪ ಹೋಗಿ ಹನ್ನೊಂದು ವರ್ಷ. ಅಮ್ಮ ಒಂಟಿಯಾಗಿರಬಾರದು ಅಂತ ಅನಿಸಿದ್ದರೆ ನನ್ನ ಹತ್ತಿರ ಹೇಳಬೇಕಿತ್ತು. ಬೇಡ ಅನ್ನುವ ಅವಕಾಶವನ್ನೂ ನನಗೆ ಕೊಡಲಿಲ್ಲವಲ್ಲ, ಅದು ಚುಚ್ಚಿತು. ಅರವತ್ತೊಂದರಲ್ಲಿ ಮದುವೆಯಾಗುವುದೋ ಬಿಡುವುದೋ, ಯೋಚಿಸಬೇಕಾದವಳು ನಾನು. ಇನ್ನು ಈ ವಿಷಯ ನೀನು ಎತ್ತಕೂಡದು.

ಇನ್ನೂ ಕೋಪ ಇಳಿಯದ
ನಿನ್ನ ಅಮ್ಮ,
ವಸುಧಾ

ತಾ.ಕ.: ಬುಧವಾರ ಮಧ್ಯಾಹ್ನ ಊಟಕ್ಕೆ ನನಗೆ ಕಾಯಬೇಡ. ಬಾರ್ಟ್ ರೈಲಿನಲ್ಲಿ ಓಕ್ಲ್ಯಾಂಡಿಗೆ ಹೋಗುತ್ತಿದ್ದೇನೆ. ಅವರ ನಂಬರನ್ನು ನೀವಿಬ್ಬರೂ ಫೋಟೊ ಮುಗಿಸಿ ವಾಪಸು ಬರುವ ಮೊದಲೇ ಕೇಳಿ ತೆಗೆದುಕೊಂಡಿದ್ದೆ. ಜೊತೆಗೆ ಬರ್ತೀನಿ ಅನ್ನಬೇಡ.