ಕೆಂಪು ಶಾಯಿ ಹುಡುಕಿದ ಸಾಹೇಬರಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ನನ್ನ ಮಗಳು ಪೂನಂ ಇಂಗ್ಲಿಷನ್ನು ತಪ್ಪಿಲ್ಲದೆ ಬರೆಯುತ್ತಿದ್ದಳು. ತಾವು ಬಂದು ಹೋದ ಮೇಲೆ ತಪ್ಪು ಬರೆಯಲು ಕಲಿತಿದ್ದಾಳೆ. ನನ್ನ ತಕರಾರು ಇಷ್ಟೇ.

ಆಗಸ್ಟ್‌ನಲ್ಲಿ ತಾವು ಹುಮನಾಬಾದ್ ಹತ್ತಿರದ ನಮ್ಮೂರ ಶಾಲೆಗೆ ದಯಮಾಡಿಸಿದ್ದಿರಿ. ಪಾಲಕರ ಪರವಾಗಿ ನಾನೂ ಅಲ್ಲಿದ್ದೆ. ಐದನೇ ತರಗತಿಯವರ ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ತರಿಸಿ, ಒಂದಕ್ಷರವನ್ನೂ ಓದದೆ ಮಾಸ್ತರರು ತಿದ್ದಿದ ಕೆಂಪು ಗುರುತುಗಳನ್ನಷ್ಟೇ ಎಣಿಸಿದಿರಿ. ಚಹಾದ ಜೊತೆಗಿದ್ದ ಬಿಸ್ಕಿಟ್ಟುಗಳನ್ನು ಮಾತ್ರ ಎಣಿಸಲಿಲ್ಲ. ಪೂನಂಳ ನೋಟ್‌ಬುಕ್ಕಿನಲ್ಲಿ ಅಲ್ಪವಿರಾಮ, ಪೂರ್ಣವಿರಾಮ, ದೊಡ್ಡಕ್ಷರ ಎಲ್ಲವೂ ಅದರದರ ಜಾಗದಲ್ಲಿದ್ದವು, ಕೆಂಪು ಇರಲಿಲ್ಲ.

"ಏನ್ರಿ ಮಾಸ್ತರ್, ಇದು ತಿದ್ದೇ ಇಲ್ಲಲ್ರಿ?" ಎಂದಿರಿ.

"ತಪ್ಪಿದ್ರ ತಿದ್ದಬೇಕಲ್ರಿ ಸಾಹೇಬ್ರ" ಎಂದರು ಇಂಗ್ಲಿಷ್ ಕಲಿಸುವ ಜ್ಞಾನೇಶ್ವರ ಸರ್. ಆ ಅಧಿಕಪ್ರಸಂಗಕ್ಕೆ ಅವರಿಗೆ ಕರ್ತವ್ಯಲೋಪದ ನೋಟಿಸು ಬಂತು.

ನಾನು ಕುರಿ ಸಾಕುವವನು. ಹಿಂಡಿನಲ್ಲಿ ಒಂದೂ ಕುಂಟುತ್ತಿಲ್ಲವೆಂದರೆ ನಾನು ಕಾಯುತ್ತಲೇ ಇಲ್ಲವೆಂದು ಅರ್ಥವೇ? ನನ್ನ ದುಡಿಮೆಗೆ ಸಾಕ್ಷಿ ಬೇಕೆಂದು ಒಂದೆರಡರ ಕಾಲು ಮುರಿಯಲೇ? ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಸರ್ ಹೆದರಿಬಿಟ್ಟರು. ಪುಟಕ್ಕೆ ಮೂರು ತಪ್ಪು ಬರೆಯಿರಿ ಎಂದು ಮಕ್ಕಳಿಗೆ ಹೇಳಿದರು. ಕೆಲವರು ಯಾವ ಆದೇಶಕ್ಕೂ ಕಾಯದೆ ಮೊದಲಿನಿಂದಲೂ ಈ ಸೇವೆ ಸಲ್ಲಿಸುತ್ತಿದ್ದರು. ಪೂನಂ ಮಾತ್ರ ಕಷ್ಟಪಟ್ಟು ಕಲಿಯಬೇಕಾಯಿತು. ಎರಡನೆಯ ಸಲ ಬಂದಾಗ ತಾವು ಆ ಕೆಂಪು ಪುಟಗಳನ್ನು ನೋಡಿ, "ಪ್ರಗತಿ ತೃಪ್ತಿಕರ" ಎಂದು ಬರೆದು ಹೋದಿರಿ.

ಕಳೆದ ತಿಂಗಳು ಬಸವಕಲ್ಯಾಣದಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ನಡೆಯಿತು. ಎರಡು ಅಂಕಕ್ಕೆ ಪೂನಂಳ ಸೀಟು ತಪ್ಪಿತು. ಸರ್ ಅದೇ ಪ್ರಶ್ನೆಪತ್ರಿಕೆ ಹಿಡಿದು ಕೇಳಿದರೆ ಪಟಪಟನೆ ಎಲ್ಲ ಉತ್ತರ ಹೇಳಿದಳು. ಬರೆಯುವಾಗ ಮೂರು ವಾಕ್ಯಗಳನ್ನು ಬೇಕೆಂದೇ ಕೆಡಿಸಿದ್ದಳಂತೆ.

"ಯಾಕವ್ವಾ ಹಿಂಗ ಮಾಡ್ದಿ?" ಎಂದೆ.

"ಎಲ್ಲಾ ಸರಿ ಬರದ್ರ ಸರ್‌ಗಿ ಮತ್ತ ನೋಟಿಸ್ ಬರ್ತದಪ್ಪಾ" ಎಂದು ಅತ್ತಳು. ನನಗೂ ಅಳು ಬಂತು, ಸಾಹೇಬರೇ. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಉಳಿದ ಸೀಟುಗಳಿಗೆ ಇದೇ ಭಾನುವಾರ ಮತ್ತೊಂದು ಪರೀಕ್ಷೆಯಿದೆ. ಎಲ್ಲ ಸರಿಯಾಗಿ ಬರೆ ಎಂದು ನಾನು ಹೇಳಿದೆ, ಸರ್ ಆಣೆ ಮಾಡಿ ಹೇಳಿದರು. ಅವಳು ನಂಬುತ್ತಿಲ್ಲ. ಆದ್ದರಿಂದ ಸರ್ ಮೇಲಿನ ನೋಟಿಸನ್ನು ಹಿಂಪಡೆಯಿರಿ. ಆ ಆದೇಶವನ್ನು ಶನಿವಾರದೊಳಗೆ ತಾವೇ ತಂದು ಪೂನಂಳ ಕೈಗೆ ಕೊಡಿ. ಸರಿ ಬರೆದರೆ ಯಾರಿಗೂ ಶಿಕ್ಷೆಯಾಗುವುದಿಲ್ಲ ಎಂದು ಆ ಹತ್ತು ವರ್ಷದ ಹುಡುಗಿಯ ಎದುರು ನಿಂತು ಬಾಯಿಬಿಟ್ಟು ಹೇಳಿ.

ಇಂತಿ,
ಸರಿ ಬರೆಯಲು ಮಗಳಿಗೆ ಅನುಮತಿ ಕೇಳುತ್ತಿರುವ ತಂದೆ,
ಓಂಪ್ರಕಾಶ